ಅಕ್ಕನನ್ನು ಅವ್ವ ಎನ್ನುವವರು

ಥಾಣೆ ಸ್ಟೇಷನ್. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಗಾಡಿಯ ಬಾಗಿಲಿಗೆ ಜೋತುಬಿದ್ದು ಬರುವವರು, ಕಲ್ಯಾಣದಲ್ಲೇ ಕಿಟಕಿ ಪಕ್ಕದ ಸೀಟು ಹಿಡಿದವರು, ಇಲ್ಲಿಳಿದು ಸೇತುವೆ ಹತ್ತಿ ವಾಶಿಯ ಗಾಡಿಗೆ ಓಡುವ ನವಿಮುಂಬಯಿಯ ಕಚೇರಿಯವರು, ಇವರೆಲ್ಲರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುವ ಜೋಡಿ ಪದ ಇದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಇಲ್ಲಿ. ಅಂದಿನಿಂದ ಈ ಎರಡು ಪದಗಳು ಅಕ್ಕಪಕ್ಕದಲ್ಲಿವೆ. ಅವುಗಳ ನಂಟು ಮಾತ್ರ ರೈಲಿಗಿಂತ ಸಾವಿರಾರು ವರ್ಷ ಹಳೆಯದು.

ಥಾಣೆಯ ಹಳೆಯ ಹೆಸರು ಸ್ಥಾನಕ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ಶಾಸನಗಳಲ್ಲಿ ಅದು ಶ್ರೀಸ್ಥಾನಕ. ‘ನಿಲ್ಲು’ ಎಂಬ ಅರ್ಥದ ಸ್ಥಾ ಧಾತುವಿನಿಂದ ಹುಟ್ಟಿದ ಈ ಮಾತು ಪ್ರಾಕೃತದಲ್ಲಿ ಸವೆದು ಮರಾಠಿಯಲ್ಲಿ ಠಾಣೆ ಆಯಿತು. ಕರ್ನಾಟಕದ ಪೊಲೀಸ್ ಠಾಣೆಯ ‘ಠಾಣೆ’ಯೂ ಇದೇ ಮನೆಯದು. ಇನ್ನು ಸ್ಟೇಷನ್. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂತು, ಫ್ರೆಂಚಿಗೆ ಲ್ಯಾಟಿನ್ನಿನ ಸ್ತಾತಿಯೊ ಎಂಬ ಪದದಿಂದ. ಅದರ ಬೇರು ಸ್ತಾರೆ ಎಂಬ ಕ್ರಿಯಾಪದ. ಅರ್ಥ ಮತ್ತೆ ‘ನಿಲ್ಲುವುದು’. ಅಂದರೆ ಥಾಣೆ ಸ್ಟೇಷನ್ ಎಂದಾಗ ಒಂದೇ ಬೇರಿನ ಎರಡು ಕೊಂಬೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದಂತೆ.

ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ. ತಕರಾರು ಶುರುವಾಗುವುದು ಮುಂದಿನ ವಾಕ್ಯದಲ್ಲಿ. ಕುಟುಂಬದ ವಾಟ್ಸ್ಯಾಪ್ ಗುಂಪುಗಳಲ್ಲಿ, ಸಂಘಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ, ನಿವೃತ್ತರ ಸಂಜೆಯ ಹರಟೆಯಲ್ಲಿ ಆ ವಾಕ್ಯ ಹೀಗಿರುತ್ತದೆ: ಸ್ಟೇಷನ್ ಬಂದದ್ದು ಸ್ಥಾನದಿಂದ, ಸ್ಟೇಟ್ ಸ್ಥಿತಿಯಿಂದ, ಸ್ಟ್ಯಾಂಡ್ ಸ್ಥಾ ಧಾತುವಿನಿಂದ, ನೋಡಿ, ಲ್ಯಾಟಿನ್ನಿಗೂ ಸಂಸ್ಕೃತವೇ ತಾಯಿ. ಕೇಳಿದವರು ಕೈ ಜೋಡಿಸಿದ ಚಿತ್ರ ಕಳಿಸುತ್ತಾರೆ, ಮಾತು ಮುಗಿಯುತ್ತದೆ. ಮುಗಿಯಬಾರದು. ಈ ವಾಕ್ಯ ತಪ್ಪು. ಅದನ್ನು ಒಪ್ಪಿಕೊಂಡ ಕನ್ನಡಿಗರು ಅರಿವಿಲ್ಲದೆ ತಮ್ಮ ಭಾಷೆಯ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದಾರೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಲ್ಯಾಟಿನ್ನಿನ ಸ್ತಾರೆಗೆ ಏನಾಯಿತು ಎಂದು ಒಮ್ಮೆ ನೋಡಬೇಕು. ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಎದುರಾಗುವ ಪದ ಎಸ್ತಾರ್. ಸ್ಪ್ಯಾನಿಷಿನಲ್ಲಿ ‘ಇರು’ ಎನ್ನಲು ಎರಡು ಕ್ರಿಯಾಪದಗಳಿವೆ, ಸೇರ್ ಮತ್ತು ಎಸ್ತಾರ್. ಒಬ್ಬರು ಮೇಷ್ಟ್ರು ಎನ್ನಲು ಸೇರ್ ಬೇಕು, ಅವರು ಮನೆಯಲ್ಲಿದ್ದಾರೆ ಎನ್ನಲು ಎಸ್ತಾರ್ ಬೇಕು. ಇಂಗ್ಲಿಷಿನವರು ಇಲ್ಲಿ ತಿಣುಕುತ್ತಾರೆ. ಕನ್ನಡಿಗರಿಗೆ ಅಷ್ಟು ಕಷ್ಟವಾಗಬಾರದು, ಏಕೆಂದರೆ ‘ಅವರು ಮೇಷ್ಟ್ರು’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ, ‘ಅವರು ಮನೆಯಲ್ಲಿ’ ಎಂದ ಮೇಲೆ ‘ಇದ್ದಾರೆ’ ಬೇಕು. ಎರಡು ಬಗೆಯ ಇರವು ಬೇರೆ ಬೇರೆ ಎಂಬುದು ಕನ್ನಡದ ಕಿವಿಗೆ ಮೊದಲೇ ಗೊತ್ತು.

ಎಸ್ತಾರ್ ಎಂಬುದು ಸ್ತಾರೆಯ ನೇರ ಮಗ. ಎರಡು ಬದಲಾವಣೆಗಳಾಗಿವೆ, ಎರಡೂ ನಿಯಮಬದ್ಧ. ಮೊದಲನೆಯದು, ಕೊನೆಯ ಎಕಾರ ಬಿದ್ದುಹೋಯಿತು. ಈ ಪದದಲ್ಲಿ ಮಾತ್ರವಲ್ಲ, ಅಮಾರೆ ಅಮಾರ್ ಆಯಿತು, ಕಂತಾರೆ ಕಂತಾರ್ ಆಯಿತು. ಎರಡನೆಯದು, ಪದದ ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ಸ್ಪ್ಯಾನಿಷ್ ಅದರ ಹಿಂದೆ ಒಂದು ಎಕಾರ ಇಡುತ್ತದೆ. ಸ್ಕೋಲಾ ಎಸ್ಕ್ವೇಲಾ ಆಯಿತು, ಸ್ಕ್ರೀಬೆರೆ ಎಸ್ಕ್ರಿಬೀರ್ ಆಯಿತು, ಸ್ತಾತುಸ್ ಎಸ್ತಾದೊ ಆಯಿತು. ‘ಇಸ್ಕೂಲು’, ‘ಇಸ್ಟೇಷನ್’ ಎನ್ನುವವರನ್ನು ಕಂಡು ನಗುವವರು ಗಮನಿಸಬೇಕು: ಅವರು ಮಾಡುತ್ತಿರುವುದು ಇಡೀ ಸ್ಪ್ಯಾನಿಷ್ ಭಾಷೆ ಮಾಡಿದ ಕೆಲಸವನ್ನೇ. ಅದೇ ಒತ್ತಕ್ಷರದ ಸಮಸ್ಯೆಗೆ ಹಳೆಯ ಕನ್ನಡ ಬೇರೊಂದು ಮದ್ದು ಹುಡುಕಿತ್ತು, ಸಕಾರವನ್ನೇ ಕೈಬಿಟ್ಟಿತು. ಸ್ಥಾನ ತಾಣ ಆಯಿತು, ಸ್ನೇಹ ನೇಹ ಆಯಿತು. ಹೀಗೆ ಬದಲಾದ ರೂಪಗಳಿಗೆ ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ವ್ಯುತ್ಪತ್ತಿ ಎಂದರೆ ಇದು. ಒಂದು ಪದದ ಬಗ್ಗೆ ಹೇಳಿದ್ದು ಅದೇ ಬಗೆಯ ಎಲ್ಲ ಪದಗಳಿಗೂ ಅನ್ವಯಿಸಬೇಕು, ಅನ್ವಯಿಸದಿದ್ದ ಕಡೆ ಕಾರಣ ಕೊಡಬೇಕು. ಎರಡು ಪದಗಳು ಕಿವಿಗೆ ಒಂದೇ ಥರ ಕೇಳುತ್ತವೆ ಎಂಬುದು ತನಿಖೆಯ ಆರಂಭವಾಗಬಹುದು, ತೀರ್ಪಾಗಲಾರದು. ಎಸ್ತಾರ್ ಲ್ಯಾಟಿನ್ನಿನಿಂದ ಬಂತು ಎಂದು ಹೇಳಬಹುದು, ಏಕೆಂದರೆ ಸ್ಪ್ಯಾನಿಷಿನ ಸಾವಿರಾರು ಪದಗಳನ್ನು ಇಂಥ ನಿಯಮಗಳ ಮೂಲಕ ಲ್ಯಾಟಿನ್ನಿನಿಂದ ಪಡೆಯಬಹುದು. ಇದೇ ಪರೀಕ್ಷೆಗೆ ಈಗ ಸಂಸ್ಕೃತ ಮತ್ತು ಲ್ಯಾಟಿನ್ ಜೋಡಿಯನ್ನು ಒಡ್ಡೋಣ.

ಸಂಸ್ಕೃತದ ಅಸ್ತಿ ಲ್ಯಾಟಿನ್ನಿನಲ್ಲಿ ಎಸ್ತ್. ದಶ ಲ್ಯಾಟಿನ್ನಿನಲ್ಲಿ ದೆಕೆಮ್. ಅಷ್ಟೌ ಒಕ್ತೊ. ಅಜಾಮಿ, ‘ಅಟ್ಟುತ್ತೇನೆ’ ಎಂಬುದು, ಲ್ಯಾಟಿನ್ನಿನಲ್ಲಿ ಆಗೊ. ಸಂಸ್ಕೃತದಲ್ಲಿ ಎಲ್ಲ ಕಡೆ ಅಕಾರವೇ ಇದೆ. ಲ್ಯಾಟಿನ್ನಿನಲ್ಲಿ ಒಮ್ಮೆ ಎಕಾರ, ಒಮ್ಮೆ ಒಕಾರ, ಒಮ್ಮೆ ಅಕಾರ. ಲ್ಯಾಟಿನ್ ಸಂಸ್ಕೃತದ ಮಗಳಾದರೆ, ಒಂದೇ ಅಕಾರವನ್ನು ಯಾವ ಪದದಲ್ಲಿ ಎ ಮಾಡಬೇಕು, ಯಾವುದರಲ್ಲಿ ಒ ಮಾಡಬೇಕು ಎಂದು ಅವಳಿಗೆ ಹೇಳಿಕೊಟ್ಟವರು ಯಾರು? ಗ್ರೀಕ್ ಕೂಡ ಅದೇ ಪದಗಳಲ್ಲಿ ಎಸ್ತಿ, ದೆಕ, ಒಕ್ತೊ, ಆಗೊ ಎಂದು ಅವೇ ಸ್ವರಗಳನ್ನು ಇಟ್ಟುಕೊಂಡದ್ದು ಹೇಗೆ? ಉತ್ತರ ಒಂದೇ. ಮೂರು ಸ್ವರಗಳೂ ಹಳೆಯವು. ಸಂಸ್ಕೃತ ಮೂರನ್ನೂ ಬೆರೆಸಿ ಒಂದು ಮಾಡಿತು, ಲ್ಯಾಟಿನ್ ಮತ್ತು ಗ್ರೀಕ್ ಉಳಿಸಿಕೊಂಡವು.

ಇದು ಪಶ್ಚಿಮದವರ ಕುತಂತ್ರ ಎನ್ನುವವರಿಗೆ ಸಂಸ್ಕೃತವೇ ಸಾಕ್ಷಿ ನುಡಿಯುತ್ತದೆ. ಭೂತಕಾಲದ ರೂಪದಲ್ಲಿ ಧಾತುವಿನ ಮೊದಲಕ್ಷರ ಇಮ್ಮಡಿಯಾಗುತ್ತದೆ: ಪತ್ ಪಪಾತ ಆಗುತ್ತದೆ, ತನ್ ತತಾನ ಆಗುತ್ತದೆ. ಆದರೆ ಕೃ ‘ಕಕಾರ’ ಆಗದೆ ಚಕಾರ ಆಗುತ್ತದೆ, ಗಮ್ ‘ಗಗಾಮ’ ಆಗದೆ ಜಗಾಮ ಆಗುತ್ತದೆ. ಹೀಗಾಗುತ್ತದೆ ಎಂದು ಪಾಣಿನಿ ಸೂತ್ರ ಬರೆದಿದ್ದಾನೆ. ಏಕೆ ಹೀಗೆ ಎಂಬುದಕ್ಕೆ 1870ರ ದಶಕದಲ್ಲಿ ಉತ್ತರ ಸಿಕ್ಕಿತು. ಇಮ್ಮಡಿಯಾದ ಅಕ್ಷರದ ಸ್ವರ ಒಂದು ಕಾಲದಲ್ಲಿ ಎಕಾರವಾಗಿತ್ತು. ಎಕಾರದ ಮುಂದೆ ಕಕಾರ ಚಕಾರವಾಯಿತು, ಗಕಾರ ಜಕಾರವಾಯಿತು, ಆಮೇಲೆ ಆ ಎಕಾರ ಅಕಾರದಲ್ಲಿ ಕರಗಿತು. ಹೂವು ಬಾಡಿತು, ಕಲೆ ಉಳಿಯಿತು. ‘ಮತ್ತು’ ಎಂಬರ್ಥದ ಸಂಸ್ಕೃತದ ಚ, ಲ್ಯಾಟಿನ್ನಿನ ಕ್ವೆ ಇವೆರಡರ ಕಥೆಯೂ ಅದೇ.

ಹಾಗೆಂದು ಲ್ಯಾಟಿನ್ ತಾಯಿಯೂ ಅಲ್ಲ. ಭ್ರಾತೃವಿನ ಭಕಾರವನ್ನು ಸಂಸ್ಕೃತ ಉಳಿಸಿಕೊಂಡಿದೆ, ಲ್ಯಾಟಿನ್ ಅದನ್ನು ಫ್ರಾತೆರ್ ಎಂದು ಫಕಾರ ಮಾಡಿತು. ದ್ವಿವಚನವನ್ನು ಸಂಸ್ಕೃತ ಪೂರ್ತಿಯಾಗಿ ಇಟ್ಟುಕೊಂಡಿತು, ಲ್ಯಾಟಿನ್ ಹೆಚ್ಚುಕಡಿಮೆ ಕಳೆದುಕೊಂಡಿತು. ಇವಳ ಪೆಟ್ಟಿಗೆಯಲ್ಲಿ ಉಳಿದ ಒಡವೆ ಅವಳಲ್ಲಿಲ್ಲ, ಅವಳಲ್ಲಿ ಉಳಿದದ್ದು ಇವಳಲ್ಲಿಲ್ಲ. ಹೀಗಿದ್ದಾಗ ಇಬ್ಬರೂ ಒಂದೇ ತವರಿನ ಅಕ್ಕತಂಗಿಯರು, ತಾಯಿ ಬೇರೆ ಎಂದು ತಿಳಿಯಬೇಕು. ಈ ತೀರ್ಮಾನ ಹೊಸದೇನಲ್ಲ. 1583ರಲ್ಲೇ ಗೋವೆಯಿಂದ ತಮ್ಮನಿಗೆ ಬರೆದ ಪತ್ರದಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಇಲ್ಲಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ನುಗಳನ್ನು ಹೋಲುತ್ತದೆ ಎಂದು ಗುರುತಿಸಿದ್ದ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ವಿಲಿಯಂ ಜೋನ್ಸ್ ಈ ಮೂರೂ ಭಾಷೆಗಳು ಬಹುಶಃ ಈಗ ಉಳಿದಿರದ ಒಂದು ಸಮಾನ ಮೂಲದಿಂದ ಬಂದಿರಬೇಕು ಎಂದ. ಸಂಸ್ಕೃತವನ್ನು ಹೊಗಳಲು ಜೋನ್ಸನನ್ನು ಉಲ್ಲೇಖಿಸುವವರು ಆ ಭಾಷಣದ ಮೊದಲರ್ಧವನ್ನು ಓದಿ, ಎರಡನೆಯ ಅರ್ಧವನ್ನು ಮಡಿಸಿಡುತ್ತಾರೆ.

ಹೋಲಿಕೆಗೆ ನಂಟೇ ಕಾರಣ ಆಗಬೇಕೆಂದೂ ಇಲ್ಲ. ಸಾಲವೂ ಇರಬಹುದು. ಡೊಂಬಿವಲಿಯ ಸ್ಟೇಷನ್ನಿನ ಹೊರಗೆ ವಡಾಪಾವ್ ತಿನ್ನುವವರ ಕೈಯಲ್ಲಿರುವ ಪಾವ್, ಪೋರ್ಚುಗೀಸರ ಪಾಂವ್. ಅದರ ಮೂಲ ಲ್ಯಾಟಿನ್ನಿನ ಪಾನೆಮ್, ಸ್ಪ್ಯಾನಿಷಿನಲ್ಲಿ ಪಾನ್. ಥಾಣೆ, ವಸಾಯಿಗಳನ್ನು ಪೋರ್ಚುಗೀಸರು ಎರಡು ಶತಮಾನ ಆಳಿದರು. ಅವರಿಂದ ಬಂದ ಪಗಾರವನ್ನು ಹುಬ್ಬಳ್ಳಿಯವರೂ ಎಣಿಸುತ್ತಾರೆ. ಲ್ಯಾಟಿನ್ನಿನ ಪಾಕಾರೆ, ಅಂದರೆ ‘ಸಮಾಧಾನ ಮಾಡು’, ಸ್ವರಗಳ ನಡುವಿನ ಕಕಾರ ಗಕಾರವಾಗಿ ಪಾಗಾರ್ ಆಯಿತು. ಸಾಲಗಾರನನ್ನು ಸಮಾಧಾನ ಮಾಡುವುದೇ ಹಣ ಕೊಡುವುದು. ತಿಂಗಳ ಕೊನೆಗೆ ಇದು ಯಾರಿಗೂ ವಿವರಿಸಬೇಕಾದ ಅರ್ಥವಲ್ಲ.

ಇನ್ನು ಕೆಲವು ಹೋಲಿಕೆಗಳಿಗೆ ಕಾರಣವೇ ಇಲ್ಲ. ಹಿಟ್ಟನ್ನು ಕಾಲಿಂದ ತುಳಿಯುತ್ತಿದ್ದರು, ಅದಕ್ಕೇ ಪಾವ್ ಎಂಬ ಹೆಸರು ಎಂಬ ಕಥೆ ಈ ಊರುಗಳಲ್ಲಿ ಇನ್ನೂ ಓಡಾಡುತ್ತದೆ. ಬೇಕರಿಯವರ ಬಗ್ಗೆ ಅಸಹ್ಯ ಹುಟ್ಟಿಸಲು ಅದು ಚೆನ್ನಾಗಿ ಒದಗುತ್ತದೆ. ನಾಲ್ಕು ಕೂಡಿಕೊಂಡಿರುವುದರಿಂದ ಒಂದೊಂದೂ ಪಾವು, ಕಾಲುಭಾಗ ಎಂಬ ಇನ್ನೊಂದು ಕಥೆಯೂ ಇದೆ. ಈ ದಾರಿ ಹಿಡಿದವರು ಹಳಗನ್ನಡಕ್ಕೂ ಬರಲಿ. ಅಲ್ಲಿ ಪಾವು ಎಂದರೆ ಹಾವು. ಸದ್ದು ಒಂದೇ ಎಂಬ ಕಾರಣಕ್ಕೆ ವಂಶ ಕಟ್ಟುವುದಾದರೆ ವಡಾಪಾವಿನೊಳಗೆ ಹಾವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಕಲ್ಯಾಣ ಸ್ಟೇಷನ್ನಿನ ಫಲಕ ಕಂಡು ಬಸವಣ್ಣನನ್ನು ನೆನೆಯುವವರದೂ ಇದೇ ಪಾಡು. ಶರಣರ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ. ಥಾಣೆ ಜಿಲ್ಲೆಯ ಕಲ್ಯಾಣ ಬೇರೆಯೇ ಬಂದರು. ಕನ್ಹೇರಿಯ ಗುಹಾಶಾಸನಗಳಲ್ಲಿ ದಾನ ಕೊಟ್ಟ ಅಲ್ಲಿನ ಜನರ ಉಲ್ಲೇಖವಿದೆ, ಗ್ರೀಕ್ ನಾವಿಕರ ಪೆರಿಪ್ಲಸ್ ಗ್ರಂಥದಲ್ಲಿ ಅದರ ಹೆಸರಿದೆ. ಇವೆಲ್ಲ ಶರಣರಿಗಿಂತ ಸುಮಾರು ಸಾವಿರ ವರ್ಷ ಹಿಂದಿನವು. ಒಂದು ಶುಭನಾಮವನ್ನು ಎರಡು ಊರು ಇಟ್ಟುಕೊಂಡಿವೆ, ಅಷ್ಟೇ.

ಇದೆಲ್ಲ ಪಂಡಿತರ ಗೊಡವೆ, ಸಾಮಾನ್ಯರು ಸಂಸ್ಕೃತವನ್ನು ತಾಯಿ ಎಂದರೆ ಯಾರ ಗಂಟು ಹೋಯಿತು ಎಂದು ಕೇಳಬಹುದು. ಹೋಗುವುದು ಕನ್ನಡದ ಗಂಟೇ. ಸಂಸ್ಕೃತ ಜಗತ್ತಿನ ಭಾಷೆಗಳ ತಾಯಿಯಾದರೆ ಕನ್ನಡವೂ ಅದರ ಮಗಳೇ. ಹಾಗಲ್ಲ ಎಂದು ತೋರಿಸಿಕೊಟ್ಟ ಕೆಲಸಕ್ಕೆ ಎರಡು ಶತಮಾನವಾಗಿದೆ. 1816ರಲ್ಲಿ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಕುಟುಂಬ ಎಂದು ಬರೆದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅವುಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ. 1961ರಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಬಂತು. ಕನ್ನಡ ಸಂಸ್ಕೃತದಿಂದ ಪಡೆದ ಸಾಲ ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಾಲ ಕೊಟ್ಟವರು ಹೆತ್ತವರಾಗುವುದಿಲ್ಲ.

2025ರ ಮೇ ತಿಂಗಳಲ್ಲಿ ಚೆನ್ನೈನ ವೇದಿಕೆಯೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬರ್ಥದ ಮಾತಾಡಿದಾಗ ಆದ ಗದ್ದಲ ಎಲ್ಲರಿಗೂ ನೆನಪಿದೆ. ಅವರ ಚಿತ್ರ ಕರ್ನಾಟಕದಲ್ಲಿ ನಿಗದಿಯಾದ ದಿನ ತೆರೆಕಾಣಲಿಲ್ಲ, ವಿಷಯ ನ್ಯಾಯಾಲಯಕ್ಕೂ ಹೋಯಿತು. ಮಾತು ತಪ್ಪೇ. ಆದರೆ ಆ ವಾರಗಳ ಕೂಗಾಟದಲ್ಲಿ ಅದು ಏಕೆ ತಪ್ಪು ಎಂದು ಹೇಳಿದವರು ವಿರಳ. ಹೇಳಲು ಎರಡು ಸಾಲು ಸಾಕಿತ್ತು. ಕನ್ನಡದ ಕಿವಿ ತಮಿಳಿನಲ್ಲಿ ಸೆವಿ, ಕನ್ನಡದ ಕೆಂ ತಮಿಳಿನಲ್ಲಿ ಸೆಂ. ಹಳೆಯ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ, ತಮಿಳು ಬದಲಿಸಿದೆ. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಅಲ್ಲಿನ ಪುಲಿ ಇಲ್ಲಿ ಹುಲಿ. ಹಳೆಯ ಪಕಾರವನ್ನು ತಮಿಳು ಉಳಿಸಿಕೊಂಡಿದೆ, ಕನ್ನಡ ಬದಲಿಸಿದೆ. ಇಬ್ಬರಲ್ಲೂ ಬೇರೆ ಬೇರೆ ಹಳೆಯ ಒಡವೆಗಳು. ಆದ್ದರಿಂದ ಅಕ್ಕತಂಗಿಯರು, ತಾಯಿ ಮಗಳಲ್ಲ. ಸಂಸ್ಕೃತ ಮತ್ತು ಲ್ಯಾಟಿನ್ನಿನ ಬಗ್ಗೆ ಹೇಳಿದ ವಾದವೇ ಇದು, ಅಕ್ಷರ ಬದಲಾದರೂ ಲೆಕ್ಕ ಬದಲಾಗಲಿಲ್ಲ. ತಮಿಳಿನ ವಿಷಯಕ್ಕೆ ರಸ್ತೆಗಿಳಿದವರು ಮಾರನೆಯ ದಿನ ‘ಸ್ಥಾ ಧಾತುವಿನಿಂದ ಸ್ಟೇಷನ್’ ಎಂಬ ಸಂದೇಶವನ್ನು ಮುಂದಕ್ಕೆ ಕಳಿಸಿದರೆ, ತಾವೇ ಹಿಡಿದ ಗುರಾಣಿಯನ್ನು ತಾವೇ ಒಡೆದಂತೆ.

ಹೊರನಾಡ ಕನ್ನಡಿಗರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ, ಅದನ್ನೂ ಹೇಳಬೇಕು. ಮರಾಠಿಯ ತೂಪ್ ಕನ್ನಡದ ತುಪ್ಪದ ನೆಂಟ, ಅಲ್ಲಿನ ಅಣ್ಣಾ, ಅಕ್ಕಾ ದಕ್ಷಿಣದವು. ಇದು ನಿಜ. ಅಲ್ಲಿಂದ ಒಂದೇ ಜಿಗಿತಕ್ಕೆ, ಮರಾಠಿ ಕನ್ನಡದ ಮಗಳು, ಈ ನೆಲವೆಲ್ಲ ಒಂದು ಕಾಲದಲ್ಲಿ ನಮ್ಮದು ಎಂಬ ತೀರ್ಮಾನಕ್ಕೆ ಬರುವವರು ಸಂಘದ ಸಭೆಗಳಲ್ಲಿ ಸಿಗುತ್ತಾರೆ. ಮರಾಠಿಯ ಕ್ರಿಯಾಪದಗಳು, ಸರ್ವನಾಮಗಳು, ಎಣಿಕೆ, ಅದರ ಎಲುಬುಗೂಡು ಪ್ರಾಕೃತದ್ದು. ಮೈಮೇಲಿನ ಕೆಲವು ಒಡವೆ ಕನ್ನಡದ ಅಂಗಡಿಯವು. ಒಡವೆ ಗುರುತಿಸಿ ಮಗಳೆಂದು ಹಕ್ಕು ಸಾಧಿಸುವುದು ಚೆನ್ನೈನ ವೇದಿಕೆಯ ಮಾತಿಗಿಂತ ಯಾವ ರೀತಿಯಲ್ಲೂ ಮೇಲಲ್ಲ.

ಈ ಊರುಗಳಲ್ಲಿ ಇಂಥ ಮಾತು ಬರೀ ಮಾತಾಗಿ ಉಳಿಯುವುದಿಲ್ಲ. 2025ರ ಜೂನ್ ಕೊನೆಯಲ್ಲಿ, ಶಾಲೆಗಳಲ್ಲಿ ಹಿಂದಿ ಕಲಿಸುವ ಆದೇಶವನ್ನು ವಿರೋಧದಿಂದಾಗಿ ಮಹಾರಾಷ್ಟ್ರ ಸರ್ಕಾರ ಹಿಂದೆಗೆದುಕೊಂಡಿತು. ಅದೇ ದಿನಗಳಲ್ಲಿ ಇದೇ ಥಾಣೆ ಜಿಲ್ಲೆಯ ಮೀರಾ ರೋಡಿನಲ್ಲಿ ಮರಾಠಿ ಆಡಲಿಲ್ಲವೆಂದು ಅಂಗಡಿಯವರೊಬ್ಬರ ಕೆನ್ನೆಗೆ ಹೊಡೆದರು. ಪರವಾಗಿ ಒಂದು ಮೆರವಣಿಗೆ, ವಿರುದ್ಧವಾಗಿ ಇನ್ನೊಂದು. ಯಾರ ಭಾಷೆ ಮೊದಲು, ಯಾರದು ಹಿರಿದು ಎಂಬ ಲೆಕ್ಕ ನೆಲದ ಪಹಣಿಯಂತೆ ಬಳಕೆಯಾದಾಗ ಮುಂದಿನ ಹೆಜ್ಜೆ ಕೈ ಎತ್ತುವುದೇ. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು. ಅಧ್ಯಯನಕ್ಕೆ ಹಣ ಬಂದರೆ ಒಳ್ಳೆಯದೇ. ಆದರೆ ಭಾಷೆಗೆ ವಯಸ್ಸಿನ ಪ್ರಮಾಣಪತ್ರ ಕೊಟ್ಟ ಕೂಡಲೇ ಅದನ್ನು ನೆರೆಯವರ ಮುಖಕ್ಕೆ ಹಿಡಿಯುವವರು ಹುಟ್ಟಿಕೊಳ್ಳುತ್ತಾರೆ. ಎರಡೂ ಭಾಷೆ ಮಾತಾಡುತ್ತಾ ಬೆಳೆಯುವ ಡೊಂಬಿವಲಿಯ ಮಕ್ಕಳಿಗೆ ಇದರಿಂದ ಕಲಿಯಲು ಏನೂ ಇಲ್ಲ.

ಸಂಸ್ಕೃತದ ದೊಡ್ಡತನಕ್ಕೆ ಈ ಸುಳ್ಳು ತಾಯ್ತನ ಬೇಕಾಗಿಯೂ ಇಲ್ಲ. ಭಾಷೆಗಳ ನಂಟನ್ನು ನಿಯಮಗಳಿಂದ ತೋರಿಸುವ ಶಾಸ್ತ್ರ ಹುಟ್ಟಿದ್ದೇ ಯುರೋಪಿನವರು ಸಂಸ್ಕೃತ ಓದಿದ ಮೇಲೆ. ಪದವನ್ನು ಧಾತು ಮತ್ತು ಪ್ರತ್ಯಯಗಳಾಗಿ ಬಿಡಿಸುವ ಕಲೆಯನ್ನು ಅವರಿಗೆ ತೋರಿಸಿದ್ದು ಪಾಣಿನಿಯ ಪರಂಪರೆ. ಅಂಥ ಪರಂಪರೆಯ ಹೆಸರಿನಲ್ಲಿ ಸದ್ದಿಗೆ ಸದ್ದು ಹೊಂದಿಸುವ ಆಟ ಆಡುವುದು ಅದಕ್ಕೆ ಮಾಡುವ ಅವಮಾನ. ಹಾಗೆಯೇ ಭಾಷೆಯ ನಂಟು ರಕ್ತದ ನಂಟೂ ಅಲ್ಲ. ‘ಆರ್ಯ’ ಎಂಬ ಪದವನ್ನು ಜನಾಂಗದ ಹೆಸರು ಮಾಡಿಕೊಂಡ ಯುರೋಪು ಏನು ಮಾಡಿತು ಎಂಬುದು ಜಗತ್ತಿಗೆ ಗೊತ್ತಿದೆ.

ಮುಂದಿನ ಸಲ ಆ ಸಂದೇಶ ಬಂದಾಗ ಜಗಳ ಬೇಡ, ಮೂರು ಪ್ರಶ್ನೆ ಸಾಕು. ಇದೇ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ? ಹೋಲಿಕೆ ನಂಟಿನದೋ, ಸಾಲದ್ದೋ, ಆಕಸ್ಮಿಕವೋ? ನಂಟೇ ಆದರೆ ತಾಯಿ ಎನ್ನಲು ಪುರಾವೆ ಏನು, ಅಕ್ಕ ಏಕಲ್ಲ? ನವಿಮುಂಬಯಿಯ ‘ನವಿ’ಯನ್ನೇ ಹಿಡಿದು ಅಭ್ಯಾಸ ಮಾಡಬಹುದು. ಸಂಸ್ಕೃತದ ನವ, ಗ್ರೀಕಿನ ನೆಓಸ್, ಲ್ಯಾಟಿನ್ನಿನ ನೊವುಸ್, ಸ್ಪ್ಯಾನಿಷಿನ ನ್ವೇವೊ. ಇವುಗಳಲ್ಲಿ ತಾಯಿ ಮಗಳಾಗಿರುವವರು ಕೊನೆಯ ಇಬ್ಬರೇ.

ಕನ್ನಡದವರು ಸ್ಟೇಷನ್ನಿಗೆ ನಿಲ್ದಾಣ ಎಂಬ ಪದ ಕಟ್ಟಿಕೊಂಡಿದ್ದಾರೆ. ಅದರ ಮೊದಲರ್ಧ ‘ನಿಲ್’, ಅಪ್ಪಟ ದ್ರಾವಿಡ ಧಾತು, ತಮಿಳಿನಲ್ಲೂ ಅದೇ. ಎರಡನೆಯ ಅರ್ಧ ‘ತಾಣ’, ಸ್ಥಾನದಿಂದ ಸಕಾರ ಕಳಚಿ ಬಂದ ಸಾಲ. ಎರಡು ಕುಟುಂಬಗಳ ಪದಗಳು ಒಂದೇ ಪದವಾಗಿ ಕೂಡಿಕೊಂಡು, ಅಲ್ಲಿ ತಾಯಿ ಯಾರು ಎಂದು ಕೇಳದೆ, ಬಂದ ಗಾಡಿಯನ್ನು ನಿಲ್ಲಿಸಿ ಕಳಿಸುತ್ತಿವೆ.